ವೇಷ ಮತ್ತು ವಿಶ್ವಾಸ

ಭಕ್ತಿಯ ಪಾತ್ರ ಮಾಡುವವರಿಗೆ ಭಕ್ತಿ ಇರಲೇಬೇಕೆ ಎಂಬ ಪ್ರಶ್ನೆ ರಂಗಭೂಮಿಯಷ್ಟೇ ಹಳೆಯದು. ದೇವರ ಮುಂದೆ ನಿಂತು ಕಣ್ಣೀರು ಸುರಿಸುವ ನಟಿಗೆ ಆ ದೇವರಲ್ಲಿ ನಂಬಿಕೆ ಇಲ್ಲದಿದ್ದರೆ ಕಣ್ಣೀರು ಸುಳ್ಳಾಗುತ್ತದೆಯೇ? ಅದನ್ನು ನೋಡಿ ಕೊಟ್ಟಕೊನೆಯ ಬೆಂಚಿನಲ್ಲಿ ಕೂತವರು ಕೈಮುಗಿದರೆ ಆ ಕೈಮುಗಿತ ಯಾರಿಗೆ ಸಲ್ಲುತ್ತದೆ, ದೇವರಿಗೋ, ನಟಿಗೋ, ಪಾತ್ರಕ್ಕೋ? 1950ರ ದಶಕದಲ್ಲಿ ಈ ಪ್ರಶ್ನೆ ದಕ್ಷಿಣ ಭಾರತದ ಸಿನಿಮಾದೊಳಗೆ ಬಂದು ಕುಳಿತಿತು. ಅದನ್ನು ಬಿಡಿಸಿ ನೋಡಲು ಪಂಡರಿಬಾಯಿಯವರ ವೃತ್ತಿಜೀವನಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಪಂಡರಿಬಾಯಿ ಭಟ್ಕಳದವರು. ತಂದೆ ಹರಿಕಥೆ ಮಾಡುತ್ತಿದ್ದವರು. ಮಗಳೂ ಎಳೆಯ ವಯಸ್ಸಿನಲ್ಲೇ ಹರಿಕಥೆ, ಪೌರಾಣಿಕ ನಾಟಕಗಳಿಂದ ಶುರುಮಾಡಿದರು. ಹರಿಕಥೆಯ ಅಭ್ಯಾಸ ನಟನೆಗೆ ಒಂದು ವಿಶೇಷ ತಾಲೀಮು. ದಾಸರು ಕೈಯಲ್ಲಿ ಚಿಟಿಕೆ ಹಿಡಿದು, ಕಾಲಿಗೆ ಗೆಜ್ಜೆ ಕಟ್ಟಿ ಒಬ್ಬರೇ ನಿಲ್ಲುತ್ತಾರೆ. ಈ ಗಳಿಗೆಯಲ್ಲಿ ದ್ರೌಪದಿಯಾಗಿ ಕೂಗಿ, ಮರುಗಳಿಗೆಯಲ್ಲಿ ದುಶ್ಶಾಸನನಾಗಿ ಗದರಿ, ಆಮೇಲೆ ಎರಡನ್ನೂ ಬಿಟ್ಟು ಸಭಿಕರಿಗೆ ನೀತಿ ಹೇಳುತ್ತಾರೆ. ವೇಷ ಬದಲಿಸುವುದಿಲ್ಲ, ಪರದೆ ಬೀಳುವುದಿಲ್ಲ. ಪಾತ್ರದೊಳಗೆ ಹೋಗುವಷ್ಟೇ ಸಲೀಸಾಗಿ ಹೊರಗೆ ಬರುವುದನ್ನೂ ಅಲ್ಲಿ ಕಲಿಯಬೇಕು. 1943ರ ‘ವಾಣಿ’ ಚಿತ್ರದಿಂದ ಸಿನಿಮಾಕ್ಕೆ ಬಂದ ಈ ನಟಿಗೆ ಎರಡು ಭಾಷೆಗಳಲ್ಲಿ ಹೆಸರು ತಂದ ಚಿತ್ರಗಳು ಎರಡು ವರ್ಷಗಳ ಅಂತರದಲ್ಲಿ ತೆರೆಕಂಡವು. 1952ರಲ್ಲಿ ತಮಿಳಿನ ‘ಪರಾಶಕ್ತಿ’, 1954ರಲ್ಲಿ ಕನ್ನಡದ ‘ಬೇಡರ ಕಣ್ಣಪ್ಪ’.

ಇವೆರಡಕ್ಕಿಂತ ದೂರದ ಚಿತ್ರಗಳನ್ನು ಹುಡುಕುವುದು ಕಷ್ಟ. ‘ಪರಾಶಕ್ತಿ’ಗೆ ಮಾತು ಬರೆದವರು ಎಂ. ಕರುಣಾನಿಧಿ, ದೇವರನ್ನು ಒಪ್ಪದ ದ್ರಾವಿಡ ಚಳವಳಿಯ ಕುಡಿ. ಚಿತ್ರದಲ್ಲಿ ಗುಡಿಯ ಪೂಜಾರಿ ದಿಕ್ಕಿಲ್ಲದ ವಿಧವೆಯ ಮೇಲೆ ಕೈಮಾಡಲು ಹೋಗುತ್ತಾನೆ. ಮುಂದೆ ಆಕೆಯ ಅಣ್ಣ, ಶಿವಾಜಿ ಗಣೇಶನ್ ಮಾಡಿದ ಪಾತ್ರ, ಅಮ್ಮನವರ ವಿಗ್ರಹದ ಹಿಂದೆ ನಿಂತು ಪೂಜಾರಿಯನ್ನು ಮಾತಾಡಿಸುತ್ತಾನೆ. ದೇವಿಯೇ ನುಡಿದಳೆಂದು ಪೂಜಾರಿ ಬೆದರಿದಾಗ, ಕಲ್ಲು ಎಂದಾದರೂ ಮಾತಾಡುತ್ತದೆಯೇ ಎಂಬರ್ಥದ ಮಾತು ಹಿಂದಿನಿಂದ ಬರುತ್ತದೆ. ಆ ನಾಯಕನಿಗೆ ದಾರಿ ತೋರಿಸುವ ಹೆಣ್ಣು ವಿಮಲಾ, ಪಾತ್ರ ಪಂಡರಿಬಾಯಿಯವರದು. ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ, ರಾಜಕುಮಾರ್ ನಾಯಕರಾಗಿ ಬಂದ ಮೊದಲ ಚಿತ್ರ ‘ಬೇಡರ ಕಣ್ಣಪ್ಪ’ದಲ್ಲಿ ಅದೇ ಪಂಡರಿಬಾಯಿ ಬೇಡ ದಿಣ್ಣನ ಹೆಂಡತಿ ನೀಲಾ. ಅಲ್ಲಿ ಕಲ್ಲು ಮಾತಾಡುವುದಷ್ಟೇ ಅಲ್ಲ, ಕಣ್ಣಿನಿಂದ ರಕ್ತ ಸುರಿಸುತ್ತದೆ. ದಿಣ್ಣ ತನ್ನ ಕಣ್ಣನ್ನೇ ಕಿತ್ತು ಅದಕ್ಕಿಡುತ್ತಾನೆ.

ಆದರೆ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ‘ಬೇಡರ ಕಣ್ಣಪ್ಪ’ದಲ್ಲೂ ಗುಡಿಯ ಅರ್ಚಕರು ಒಳ್ಳೆಯವರಲ್ಲ. ದೇವರ ಒಡವೆ ಕದ್ದ ಆರೋಪ ಬೇಡನ ತಲೆಗೆ ಬೀಳುತ್ತದೆ, ಅವನು ಏಟು ತಿನ್ನುತ್ತಾನೆ. ಎಂದರೆ ನಾಸ್ತಿಕ ಚಿತ್ರವೂ ಆಸ್ತಿಕ ಚಿತ್ರವೂ ಒಂದೇ ದೂರಿನಿಂದ ಹೊರಡುತ್ತವೆ: ಪೂಜೆಯ ವೇಷ ತೊಟ್ಟವನಲ್ಲಿ ಪೂಜ್ಯಭಾವವಿಲ್ಲ. ಒಂದು ಚಿತ್ರ ಅಲ್ಲಿಂದ ವಿಗ್ರಹ ಬರೀ ಕಲ್ಲು ಎಂಬ ಕಡೆಗೆ ಹೊರಳುತ್ತದೆ. ಇನ್ನೊಂದು, ದೇವರು ಅರ್ಚಕನನ್ನು ಬಿಟ್ಟು ಬಾಯಲ್ಲಿ ನೀರು ತಂದು ಅಭಿಷೇಕ ಮಾಡುವ ಬೇಡನನ್ನು ಮೆಚ್ಚಿದ ಎನ್ನುತ್ತದೆ. ಸೇಕ್ಕಿಳಾರರ ಪೆರಿಯ ಪುರಾಣದಲ್ಲೂ ಹರಿಹರನ ರಗಳೆಯಲ್ಲೂ ಕಣ್ಣಪ್ಪನ ಕಥೆ ಬರುತ್ತದೆ. ಅರ್ಚಕನ ವಿರುದ್ಧದ ಈ ದೂರು ದ್ರಾವಿಡ ಚಳವಳಿ ಹುಟ್ಟುಹಾಕಿದ್ದಲ್ಲ ಎಂಬುದಕ್ಕೆ ಆ ಕಥೆಯ ಹಳಮೆಯೇ ಸಾಕ್ಷಿ.

ಈ ಎರಡೂ ಚಿತ್ರಗಳಿಗೆ ಒಟ್ಟಿಗೇ ಪ್ರೇಕ್ಷಕರಾಗಬಲ್ಲವರು ಇದ್ದದ್ದು ಸೇಲಂ, ಧರ್ಮಪುರಿ ಸೀಮೆಯಲ್ಲಿ. ಕಡಯಂಪಟ್ಟಿ, ಓಮಲೂರು, ತೊಪ್ಪೂರು ಕಡೆಯ ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡ, ಅಂಗಡಿಬೀದಿಯಲ್ಲಿ ತಮಿಳು ಆಡುವವರು ಹಿಂದಿನಿಂದಲೂ ಇದ್ದಾರೆ. ಬಾರಾಮಹಲು ಎಂದು ಕರೆಸಿಕೊಂಡ ಪ್ರದೇಶ 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಮೈಸೂರಿನದೇ ಆಗಿತ್ತು. ನಾಸ್ತಿಕವಾದಕ್ಕೂ ಈ ಸೀಮೆಯೇ ಅಖಾಡ. ಈರೋಡಿನ ಕನ್ನಡ ಮನೆಮಾತಿನ ಬಲಿಜ ಕುಟುಂಬದಲ್ಲಿ ಹುಟ್ಟಿದ ಪೆರಿಯಾರ್ ಇ.ವಿ. ರಾಮಸಾಮಿ 1944ರಲ್ಲಿ ಜಸ್ಟಿಸ್ ಪಕ್ಷವನ್ನು ದ್ರಾವಿಡರ್ ಕಳಗಂ ಮಾಡಿದ್ದು ಸೇಲಂ ಸಮ್ಮೇಳನದಲ್ಲಿ. ಟಿ.ಆರ್. ಸುಂದರಂ ಕಟ್ಟಿದ ಮಾಡರ್ನ್ ಥಿಯೇಟರ್ಸ್ ಸ್ಟುಡಿಯೋ ಇದ್ದದ್ದೂ ಸೇಲಂನಲ್ಲೇ. ಕರುಣಾನಿಧಿ 1950ರ ‘ಮಂತ್ರಿ ಕುಮಾರಿ’ಗೆ ಮಾತು ಬರೆದದ್ದು ಆ ಸ್ಟುಡಿಯೋಗಾಗಿ. ಕಥೆಯ ಬೀಜ ‘ಕುಂಡಲಕೇಶಿ’ ಎಂಬ ಬೌದ್ಧ ಕಾವ್ಯದ್ದು. ಚಿತ್ರದ ಕೇಡಿಗ ರಾಜಗುರು, ಮತ್ತೆ ಕಾವಿ ತೊಟ್ಟ ಕಪಟಿ. ಪಾತ್ರ ಮಾಡಿದವರು ಎಂ.ಎನ್. ನಂಬಿಯಾರ್. ತೆರೆಯ ಮೇಲೆ ಅರ್ಧ ಶತಮಾನ ಕೇಡಿಗನಾಗಿ ಮೆರೆದ ಈ ನಟ ಖಾಸಗಿ ಬದುಕಿನಲ್ಲಿ ಅಯ್ಯಪ್ಪನ ಪರಮಭಕ್ತ. ವರ್ಷ ವರ್ಷವೂ ಶಬರಿಮಲೆಗೆ ತಂಡ ಕಟ್ಟಿಕೊಂಡು ಹೋಗಿ ‘ಮಹಾಗುರುಸ್ವಾಮಿ’ ಎನಿಸಿಕೊಂಡವರು. ಆ ಚಿತ್ರದ ನಿರ್ದೇಶಕ ಅಮೆರಿಕದ ಎಲ್ಲಿಸ್ ಆರ್. ಡಂಗನ್. ಐದು ವರ್ಷ ಹಿಂದೆ ಎಂ.ಎಸ್. ಸುಬ್ಬುಲಕ್ಷ್ಮಿಯವರ ‘ಮೀರಾ’ ಚಿತ್ರವನ್ನು, ತಮಿಳುನಾಡಿನ ಮನೆಮನೆಗೆ ಭಕ್ತಿ ಹಂಚಿದ ಆ ಚಿತ್ರವನ್ನು, ನಿರ್ದೇಶಿಸಿದ್ದವರೂ ತಮಿಳೇ ಬಾರದ ಇದೇ ಡಂಗನ್. 1952ರಲ್ಲಿ ಮಾಡರ್ನ್ ಥಿಯೇಟರ್ಸ್ ಅಮೆರಿಕದವರ ಜೊತೆ ಸೇರಿ ‘ದಿ ಜಂಗಲ್’ ಎಂಬ ಇಂಗ್ಲಿಷ್ ಚಿತ್ರ ಮಾಡಿದಾಗ ಯೂಟಾದಲ್ಲಿ ಹುಟ್ಟಿದ ಹಾಲಿವುಡ್ ನಟಿ ಮೇರಿ ವಿಂಡ್ಸರ್ ‘ರಾಜಕುಮಾರಿ ಮಾರಿ’ ಆದರು. ಆ ಚಿತ್ರದಿಂದ ಯಾರ ಭಕ್ತಿಯೂ ಹೆಚ್ಚಲಿಲ್ಲ, ಕುಗ್ಗಲೂ ಇಲ್ಲ.

ನಂಬುವ ನಂಬಿಯಾರ್ ನಂಬದವನಾಗಿ ಕಾಣುತ್ತಾರೆ, ಹೊರಗಿನ ಡಂಗನ್ ಒಳಗಿನವರಿಗೆ ಮೀರೆಯನ್ನು ಕಾಣಿಸುತ್ತಾರೆ. ಇದನ್ನು ಶಾಸ್ತ್ರ ಹೇಗೆ ನೋಡುತ್ತದೆ? ನಾಟ್ಯಶಾಸ್ತ್ರಕ್ಕೇ ಎರಡು ಮನಸ್ಸು. ಮೊದಲ ಅಧ್ಯಾಯದಲ್ಲಿ ನಾಟ್ಯ ಐದನೆಯ ವೇದ. ಕೊನೆಯ ಅಧ್ಯಾಯದಲ್ಲಿ ಭರತನ ಮಕ್ಕಳು ಋಷಿಗಳನ್ನು ಅಣಕಿಸಿ ಆಡಿ, ಶೂದ್ರರಾಗಿ ಎಂದು ಶಾಪ ಪಡೆಯುತ್ತಾರೆ. ಮನುಸ್ಮೃತಿ ನಟರ ಸಾಕ್ಷ್ಯ ನಡೆಯದು ಎನ್ನುತ್ತದೆ. ಪರರ ಮಾತನ್ನು ತನ್ನದೆಂಬಂತೆ ಆಡುವವನ ಸ್ವಂತ ಮಾತನ್ನು ಹೇಗೆ ನಂಬುವುದು ಎಂಬ ಅನುಮಾನ ಇದರ ಹಿಂದಿದ್ದೀತು. ರಸ ಎಲ್ಲಿದೆ ಎಂಬ ಚರ್ಚೆಯಲ್ಲಿ ಭಟ್ಟ ಲೊಲ್ಲಟ ಅದು ಮೂಲದ ರಾಮನಲ್ಲಿದೆ, ಅವನನ್ನು ಅನುಸರಿಸುವ ನಟನಿಗೂ ತಟ್ಟುತ್ತದೆ ಎಂದ. ಶಂಕುಕ, ನಟನಲ್ಲಿ ರಸವನ್ನು ಪ್ರೇಕ್ಷಕ ಊಹಿಸುತ್ತಾನಷ್ಟೇ ಎಂದ. ಸಾವಿರ ವರ್ಷದ ಹಿಂದೆ ಕಾಶ್ಮೀರದಲ್ಲಿದ್ದ ಅಭಿನವಗುಪ್ತನ ದೃಷ್ಟಿಯಲ್ಲಿ ರಸ ಸವಿಯುವವನು ಸಹೃದಯ. ನಟ ಪಾನೀಯವನ್ನು ತುಟಿಗೆ ಮುಟ್ಟಿಸುವ ಬಟ್ಟಲು, ಬಟ್ಟಲಿಗೆ ರುಚಿ ತಿಳಿಯಬೇಕಿಲ್ಲ. ಫ್ರಾನ್ಸಿನ ದಿದರೋ 18ನೆಯ ಶತಮಾನದಲ್ಲಿ ನಟನೆಯ ವಿರೋಧಾಭಾಸದ ಬಗ್ಗೆ ಬರೆದ ಸಂವಾದದ ತೀರ್ಮಾನವೂ ಇದಕ್ಕೆ ಹತ್ತಿರ: ತಾನೇ ಅಳುವ ನಟ ದಿನಕ್ಕೊಂದು ಥರ ಆಡುತ್ತಾನೆ, ತಣ್ಣಗಿರುವ ನಟ ಪ್ರತಿದಿನವೂ ಅಳಿಸುತ್ತಾನೆ. ಕಾವ್ಯಮೀಮಾಂಸೆಗೆ ಇಷ್ಟು ಸಾಕು. ಧರ್ಮಕ್ಕೆ ಸಾಲದು. ರುಚಿ ಹತ್ತಿಸುವುದು ಬೇರೆ, ಪವಿತ್ರವಾದದ್ದನ್ನು ಮುಟ್ಟುವುದು ಬೇರೆ ಎಂದು ಧರ್ಮ ಅನುಮಾನಿಸುತ್ತದೆ.

ಈ ಅನುಮಾನ ಅತ್ಯಂತ ಸ್ಪಷ್ಟವಾಗಿ ಕಾಣುವುದು ಕ್ರೈಸ್ತ ಚರಿತ್ರೆಯಲ್ಲಿ. ರೋಮನ್ನರ ಹಿಂಸೆಯ ಕಾಲದಲ್ಲಿ ಹೆದರಿ ಧರ್ಮಗ್ರಂಥಗಳನ್ನು ಒಪ್ಪಿಸಿಬಿಟ್ಟ ಗುರುಗಳಿದ್ದರು. ಅವರು ಕೊಟ್ಟ ದೀಕ್ಷೆ ನಡೆಯುತ್ತದೆಯೇ ಎಂದು ಉತ್ತರ ಆಫ್ರಿಕದಲ್ಲಿ ದೊಡ್ಡ ಜಗಳವಾಯಿತು. ನಡೆಯದು ಎಂದವರು ಡೊನಾಟಿಸ್ಟರು. ಕ್ರಿ.ಶ. 314ರಲ್ಲಿ ಈಗಿನ ಫ್ರಾನ್ಸಿನ ಆರ್ಲ್ ಪಟ್ಟಣದಲ್ಲಿ ಸೇರಿದ ಸಭೆ, ಅಂಥವರು ಕೊಟ್ಟ ದೀಕ್ಷೆ ಸಲ್ಲುತ್ತದೆ ಎಂದು ತೀರ್ಮಾನಿಸಿತು. ಆಮೇಲೆ ಸಂತ ಅಗಸ್ಟೀನ್ ಈ ತೀರ್ಮಾನಕ್ಕೆ ವಾದದ ಬೆನ್ನೆಲುಬು ಕೊಟ್ಟರು: ಸಂಸ್ಕಾರದ ಶಕ್ತಿ ಗುರುವಿನದಲ್ಲ, ಕ್ರಿಸ್ತನದು. ಕುತೂಹಲದ ಸಂಗತಿಯೆಂದರೆ ಅದೇ ಆರ್ಲ್ ಸಭೆ ನಾಟಕದವರು ತಮ್ಮ ಕಸುಬು ಬಿಡುವವರೆಗೂ ಅವರಿಗೆ ಪ್ರಸಾದವಿಲ್ಲ ಎಂದೂ ವಿಧಿಸಿತು. ನಂಬಿಕೆ ಕಳೆದುಕೊಂಡ ಗುರು ಕೊಟ್ಟ ದೀಕ್ಷೆ ಉಳಿಯಿತು, ನಂಬುವ ನಟ ಬಾಗಿಲಾಚೆ ನಿಂತ. ಇವೆರಡು ವಿಧಿಗಳನ್ನು ಒಂದೇ ಕಟ್ಟಿನಲ್ಲಿ ಬರೆದವರಿಗೆ ಅವುಗಳ ನಡುವಣ ಬಿರುಕು ಕಾಣದೇ ಹೋದದ್ದು ಆಶ್ಚರ್ಯ.

ತಮಿಳು ಶೈವರ ಪೆರಿಯ ಪುರಾಣದಲ್ಲಿ ಇದಕ್ಕೆ ಸಾಟಿಯಾದ ಕಥೆಯೊಂದಿದೆ. ತಿರುಕ್ಕೋವಲೂರಿನ ಅರಸ ಮೆಯ್ಪೊರುಳ್ ನಾಯನಾರನನ್ನು ಯುದ್ಧದಲ್ಲಿ ಗೆಲ್ಲಲಾಗದ ಶತ್ರು ವಿಭೂತಿ ಬಳಿದು ಶಿವಭಕ್ತನ ವೇಷದಲ್ಲಿ ಅಂತಃಪುರಕ್ಕೆ ಬಂದು ಇರಿಯುತ್ತಾನೆ. ಸಾಯುವ ಅರಸ ಕಾವಲುಗಾರನಿಗೆ ಹೇಳುವುದು, ಈತನನ್ನು ಹಾನಿಯಾಗದಂತೆ ಊರ ಗಡಿ ದಾಟಿಸಿ ಬಾ ಎಂದು. ವೇಷ ಸುಳ್ಳೆಂದು ಗೊತ್ತಾದ ಮೇಲೂ ವಿಭೂತಿಗೆ ಸಲ್ಲಬೇಕಾದ ಗೌರವ ಸಲ್ಲಿಸುತ್ತಾನೆ. ಪಾತ್ರದ ಪಾವಿತ್ರ್ಯವನ್ನು ಪಾತ್ರಧಾರಿಯ ಮನಸ್ಸಿಗೆ ಕಟ್ಟಿಹಾಕದ ಚಿಂತನೆ ಇದು. ಇದನ್ನು ಒಪ್ಪುವುದು ಸುಲಭವಲ್ಲ. ಕಪಟಿಗಳಿಗೆ ಇದಕ್ಕಿಂತ ದೊಡ್ಡ ರಹದಾರಿ ಬೇರೆ ಬೇಕೆ?

ಆಧುನಿಕ ಕಾಲ ಹೆಚ್ಚು ಇಷ್ಟಪಟ್ಟದ್ದು ಇದರ ವಿರುದ್ಧ ದಿಕ್ಕಿನ ಕಥೆಯನ್ನು, ಎಂದರೆ ವೇಷವೇ ಮನುಷ್ಯನನ್ನು ಬದಲಿಸುವ ಕಥೆಯನ್ನು. ರೋಮಿನ ನಟ ಜೆನೀಸಿಯಸ್ ಕ್ರೈಸ್ತರ ದೀಕ್ಷೆಯನ್ನು ಅಣಕಿಸುವ ಪ್ರಹಸನ ಆಡುತ್ತಲೇ ನಿಜಕ್ಕೂ ಕ್ರೈಸ್ತನಾಗಿ ಪ್ರಾಣ ಕೊಟ್ಟನೆಂಬುದು ಐತಿಹ್ಯ. ನಟರಿಗೆ ಆತನೇ ಪೋಷಕ ಸಂತ. ಹಾಲಿವುಡ್‌ಗೆ ಇಂಥ ಪವಾಡ ಕಾಯುವಷ್ಟು ವ್ಯವಧಾನ ಇರಲಿಲ್ಲ. ಟೋಪಿಗಳಿಗೆ ಮಾಡೆಲ್ ಆಗಿದ್ದ, 1939ರಲ್ಲಿ ತನ್ನ ಹುಟ್ಟುಹೆಸರಾದ ಫಿಲಿಸ್ ಇಸ್ಲಿಯಲ್ಲೇ ಸಣ್ಣಪುಟ್ಟ ಚಿತ್ರಗಳಲ್ಲಿ ಕಾಣಿಸಿಕೊಂಡಿದ್ದ ನಟಿಯನ್ನು 1943ರ ‘ದಿ ಸಾಂಗ್ ಆಫ್ ಬರ್ನಡೆಟ್’ ಚಿತ್ರದಲ್ಲಿ ಜೆನ್ನಿಫರ್ ಜೋನ್ಸ್ ಎಂಬ ಹೊಸಮುಖವಾಗಿ ಮೆರೆಸಿದರು. ಲೂರ್ದ್‌ನಲ್ಲಿ ಮಾತೆ ಮೇರಿಯನ್ನು ಕಂಡ ಬಡ ಹುಡುಗಿಯ ಪಾತ್ರ ಅದು. ನಟಿ ಮದುವೆಯಾಗಿ ಇಬ್ಬರು ಗಂಡುಮಕ್ಕಳ ತಾಯಿ ಎಂಬುದನ್ನು ಪ್ರಚಾರದವರು ಮರೆಮಾಚಿದರು. ನಟಿಯ ನಟನೆಯ ಮೇಲೆ ಸ್ಟುಡಿಯೋಗೆ ನಂಬಿಕೆ ಇತ್ತು. ಸಂತಳ ಪಾತ್ರ ಮಾಡಿದವಳಿಗೂ ಒಂದು ಸಂಸಾರವಿದೆ ಎಂಬುದನ್ನು ಪ್ರೇಕ್ಷಕ ಸಹಿಸಬಲ್ಲ ಎಂಬ ನಂಬಿಕೆ ಇರಲಿಲ್ಲ. ಆ ಚಿತ್ರದ ಮೂಲ ಕಾದಂಬರಿ ಬರೆದ ಫ್ರಾನ್ಜ್ ವೆರ್ಫೆಲ್ ಯೆಹೂದಿ. ನಾಜಿಗಳಿಂದ ತಪ್ಪಿಸಿಕೊಂಡು ಓಡುವಾಗ ಲೂರ್ದ್‌ನಲ್ಲಿ ಆಶ್ರಯ ಸಿಕ್ಕಿದ ಋಣಕ್ಕೆ ಅದನ್ನು ಬರೆದವರು. ನಟಿಗೆ 1944ರಲ್ಲಿ ಆಸ್ಕರ್ ಬಂತು.

ಬಾರಾಮಹಲಿನ ಹಳ್ಳಿಯ ಆಟಗಳಿಗೆ ಇಂಥ ಮುಚ್ಚುಮರೆ ಬೇಕಿಲ್ಲ. ಅಲ್ಲಿ ದ್ರೌಪದಿ ಗಂಡಸು ಎಂಬುದು ಇಡೀ ಊರಿಗೆ ಗೊತ್ತು. ದ್ರೌಪದಿ ಅಮ್ಮನ ಜಾತ್ರೆಯಲ್ಲಿ ರಾತ್ರಿಯಿಡೀ ನಡೆಯುವ ತೆರುಕೂತ್ತಿನಲ್ಲಿ ಸೀರೆ ಸೆಳೆಯುವ ಘಟ್ಟ ಬಂದಾಗ ಆಟ ನಿಲ್ಲುತ್ತದೆ. ಕರ್ಪೂರ ಹಚ್ಚುತ್ತಾರೆ. ದುಶ್ಶಾಸನನ ವೇಷಧಾರಿ ಇದು ಆಟವಷ್ಟೇ, ತಪ್ಪು ಹಿಡಿಯಬೇಡ ತಾಯಿ ಎಂಬ ಭಾವದಲ್ಲಿ ದೇವಿಗೆ ಕೈಮುಗಿಯುತ್ತಾನೆ. ಆಮೇಲೇ ಸೆರಗಿಗೆ ಕೈಹಾಕುವುದು. ಆಟವೆಂದು ಗೊತ್ತಿದ್ದರೆ ಕ್ಷಮೆ ಯಾಕೆ, ನಿಜವೆಂದು ನಂಬಿದ್ದರೆ ಸೆರಗು ಎಳೆಯುವ ಧೈರ್ಯ ಎಲ್ಲಿಂದ ಎಂದು ಕೇಳಿದರೆ ಅವರಲ್ಲಿ ಯಾರಿಗೂ ಗೊಂದಲವಾಗುವುದಿಲ್ಲ. ಎರಡೂ ಒಟ್ಟಿಗೆ ನಿಜ. ಬೆಂಗಳೂರಿನ ಕರಗದಲ್ಲೂ ಹೀಗೆಯೇ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊತ್ತು ಹೊರಡುವವನು ತಿಗಳ ಸಮುದಾಯದ ಗಂಡಸು. ಸೀರೆ ಉಟ್ಟು, ಬಳೆ ತೊಟ್ಟು, ಮಲ್ಲಿಗೆಯಿಂದ ಮುಚ್ಚಿಹೋಗಿರುತ್ತಾನೆ. ಆ ದಿನಗಳಲ್ಲಿ ಅವನ ಹೆಂಡತಿ ತನ್ನ ತಾಳಿ, ಬಳೆಗಳನ್ನು ಅವನಿಗೆ ಒಪ್ಪಿಸಿ ಅವನ ಕಣ್ಣಿಗೆ ಬೀಳದಂತೆ ಇರುವುದು ರೂಢಿ. ಇಲ್ಲಿ ವೇಷಧಾರಿಯಿಂದ ಬಯಸುವುದು ವ್ರತವನ್ನು: ಉಪವಾಸ, ಮಡಿ, ಸಂಯಮ. ಮನಸ್ಸಿನೊಳಗೆ ಏನಿದೆ ಎಂದು ಯಾರೂ ಇಣುಕುವುದಿಲ್ಲ, ಇಣುಕುವ ಉಪಾಯವೂ ಇಲ್ಲ. ಮೈಯಿಂದ ಪಾಲಿಸಬಹುದಾದದ್ದನ್ನು ಮಾತ್ರ ಕೇಳುವ ಈ ಪದ್ಧತಿಗೆ ಒಂದು ವಿವೇಕವಿದೆ.

ಹಾಡುವವರ ವಿಷಯದಲ್ಲಿ ಪ್ರಶ್ನೆ ಇನ್ನಷ್ಟು ಚೂಪಾಗುತ್ತದೆ, ಏಕೆಂದರೆ ಹಾಡಿಗೆ ವೇಷದ ಆಸರೆಯೂ ಇಲ್ಲ. ಬೀಳಗಿಯ ಮುಸ್ಲಿಂ ಕುಟುಂಬದಲ್ಲಿ ಹುಟ್ಟಿ ಮುಂಬಯಿಗೆ ಹೋದ ಅಮೀರ್‌ಬಾಯಿ ಕರ್ನಾಟಕಿ 1940ರ ‘ನರಸಿ ಭಗತ್’ ಚಿತ್ರದಲ್ಲಿ ನಟಿಸಿದರು, ವೈಷ್ಣವ ಭಜನೆ ಹಾಡಿದರು. 1943ರ ‘ಕಿಸ್ಮತ್’ ಅವರನ್ನು ದೇಶದ ಮುಂಚೂಣಿಯ ಗಾಯಕಿಯರ ಸಾಲಿಗೆ ಸೇರಿಸಿತು. ಆ ಭಜನೆ ಕೇಳಿ ತಲೆದೂಗಿದ ವೈಷ್ಣವರಿಗೆ ಗಾಯಕಿಯ ಮತ ಅಡ್ಡಿಯಾಗಲಿಲ್ಲ. ಆದರೆ ಆಕೆಯ ಅಕ್ಕ ಗೋಹರ್‌ಬಾಯಿ ಮರಾಠಿ ರಂಗಭೂಮಿಯ ಬಾಲಗಂಧರ್ವರ ಬಾಳಸಂಗಾತಿಯಾದಾಗ ಅದೇ ರಸಿಕ ಸಮಾಜದ ಬಹಳ ಮಂದಿಗೆ ಅದನ್ನು ಜೀರ್ಣಿಸಿಕೊಳ್ಳಲಾಗಲಿಲ್ಲ. ಕಂಠಕ್ಕೆ ಮತವಿಲ್ಲ, ಹೆಣ್ಣಿಗೆ ಇದೆ ಎಂಬ ಲೆಕ್ಕ. ನಟಿಯ ಭಕ್ತಿ ನಿಜವೇ ಎಂದು ತೂಗುವ ಸಮಾಜ ತನ್ನ ಭಕ್ತಿ ಎಷ್ಟು ನಿಜ ಎಂದು ತೂಗುವ ಗೋಜಿಗೆ ಹೋಗುವುದು ಕಡಿಮೆ.

ಕನ್ನಡದಲ್ಲಿ ಈ ಪ್ರಶ್ನೆಗೆ ಅತ್ಯಂತ ಗಟ್ಟಿಯಾದ ಉತ್ತರ 12ನೆಯ ಶತಮಾನದ್ದು. ಕಲ್ಯಾಣದ ಶರಣರಿಗೆ ವೇಷವೆಂದರೆ ಆಗದು. ಲಾಂಛನ ತೊಟ್ಟು ಒಳಗೆ ಟೊಳ್ಳಾದವರನ್ನು ವಚನಗಳು ಬಿಟ್ಟೂ ಬಿಡದೆ ಕುಟುಕುತ್ತವೆ. ಅದೇ ಶರಣರ ಸಾಲಿನಲ್ಲಿ ವೇಷವನ್ನೇ ಕಸುಬಾಗಿ ಮಾಡಿಕೊಂಡಿದ್ದ ಬಹುರೂಪಿ ಚೌಡಯ್ಯ ಇದ್ದಾನೆ. ಊರೂರು ತಿರುಗಿ ಬಗೆಬಗೆಯ ವೇಷ ಕಟ್ಟಿ ಆಡಿ, ಬಂದದ್ದನ್ನು ದಾಸೋಹಕ್ಕೆ ಕೊಡುವವನು, ಸ್ವತಃ ವಚನಕಾರ. ನಗಿಸುವುದನ್ನೇ ಕಾಯಕ ಮಾಡಿಕೊಂಡ ನಗೆಯ ಮಾರಿತಂದೆಯೂ ಅದೇ ಬಳಗದವನು. ಇದು ವಿರೋಧದಂತೆ ಕಂಡರೂ ವಿರೋಧವಲ್ಲ. ಶರಣರು ಖಂಡಿಸಿದ್ದು ವೇಷವೆಂದು ಒಪ್ಪಿಕೊಳ್ಳದ ವೇಷವನ್ನು. ಚೌಡಯ್ಯನ ವೇಷ ತಾನು ವೇಷವೆಂದು ಸಾರಿಕೊಂಡೇ ಬೀದಿಗೆ ಬರುತ್ತದೆ. ಅದು ಮೋಸವಲ್ಲ, ದುಡಿಮೆ. ದುಡಿಮೆ ಶುದ್ಧವಾಗಿದ್ದು ಅದರ ಫಲ ಹಂಚಿಹೋದರೆ ಅದೇ ಪೂಜೆ. ನಟ ರಾಮನನ್ನು ನಂಬುತ್ತಾನೋ ಇಲ್ಲವೋ ಎಂಬ ಪ್ರಶ್ನೆಯನ್ನು ಈ ಚಿಂತನೆ ಹೊರಳಿಸಿ, ತನ್ನ ಕಸುಬಿಗೆ ನಿಷ್ಠನೋ ಅಲ್ಲವೋ ಎಂದು ಕೇಳುತ್ತದೆ. ಪಂಡರಿಬಾಯಿಯವರ ವಿಮಲಾ, ನೀಲಾ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿಡಬಲ್ಲ ಅಳತೆ ಇದೊಂದೇ.

ವಿಚಾರವಾದಿಗಳ ಆಕ್ಷೇಪ ಇಷ್ಟಕ್ಕೆ ಮುಗಿಯುವುದಿಲ್ಲ. ನಂಬಿಕೆ ಇಲ್ಲದ ನಟನೂ ಭಕ್ತಿ ಹುಟ್ಟಿಸಬಲ್ಲನಾದರೆ ಗುಡಿಯೊಳಗಿನ ಭಕ್ತಿಯೂ ಒಂದು ಕಲಿತ ನಟನೆ ಏಕಾಗಿರಬಾರದು? ಭಕ್ತರ ಕಡೆಯಿಂದ ಇದಕ್ಕೆ ಹೇಳಬಹುದಾದ ಮಾತು, ಕಲಿತದ್ದೆಲ್ಲ ಸುಳ್ಳಲ್ಲ ಎಂಬುದು. ಭಕ್ತಿಯನ್ನೇ ರಸವೆಂದು ಶಾಸ್ತ್ರ ಕಟ್ಟಿದ ಬಂಗಾಳದ ವೈಷ್ಣವ ರೂಪ ಗೋಸ್ವಾಮಿಯ ಸಾಧನೆಯ ದಾರಿಯೇ ವ್ರಜದ ಪಾತ್ರವೊಂದನ್ನು ಮನಸ್ಸಿನಲ್ಲಿ ತಾಳಿ ಅದರಂತೆ ನಡೆಯುವುದು. ಸಂತ ಸಖುವಿನ ಕಥೆಯಲ್ಲಂತೂ, 1955ರಲ್ಲಿ ಕನ್ನಡದಲ್ಲೂ ಸಿನಿಮಾ ಆದ ಕಥೆ ಅದು, ಪಾತ್ರ ವಹಿಸುವವನು ವಿಠ್ಠಲನೇ. ಅತ್ತೆ ಕಟ್ಟಿಹಾಕಿದ ಸೊಸೆ ಪಂಢರಪುರಕ್ಕೆ ಹೋಗಿಬರಲೆಂದು ಅವಳ ರೂಪ ತಾಳಿ, ಅವಳ ಬದಲು ಕಟ್ಟಿಸಿಕೊಂಡು ಮನೆಗೆಲಸ ಮಾಡುತ್ತಾನೆ.

ಅರ್ಚಕನ ಪ್ರಶ್ನೆ ಮಾತ್ರ ತೆರೆಯಿಂದ ಇಳಿದು ಶಾಸನಸಭೆಗೂ ಕೋರ್ಟಿಗೂ ಹೋಯಿತು. ‘ಪರಾಶಕ್ತಿ’ಯ ಪೂಜಾರಿಯನ್ನು ಬರೆದ ಕರುಣಾನಿಧಿ ಮುಖ್ಯಮಂತ್ರಿಯಾದ ಮೇಲೆ ಅವರ ಸರ್ಕಾರ 1970ರ ತಿದ್ದುಪಡಿಯಿಂದ ಅರ್ಚಕತನದ ವಂಶಪಾರಂಪರ್ಯ ಹಕ್ಕನ್ನು ತೆಗೆದುಹಾಕಿತು. 1972ರಲ್ಲಿ ಶೇಷಮ್ಮಾಳ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿದು, ಅರ್ಚಕನ ನೇಮಕ ಲೌಕಿಕ ಕ್ರಿಯೆ, ಆದರೆ ಆಗಮದ ಕಟ್ಟಳೆಗಳನ್ನು ಮೀರುವಂತಿಲ್ಲ ಎಂದಿತು. ಜಾತಿಯ ಅಡ್ಡಿ ಹಾಗೇ ಉಳಿಯಿತು. 2006ರಲ್ಲಿ ಮತ್ತೆ ಕಾನೂನು, ಎಲ್ಲ ಜಾತಿಯವರಿಗೂ ತರಬೇತಿ ಶಾಲೆಗಳು, ಮತ್ತೆ ಮೊಕದ್ದಮೆ. 2021ರ ಆಗಸ್ಟ್‌ನಲ್ಲಿ ಹೀಗೆ ತರಬೇತಿ ಪಡೆದ ಬೇರೆ ಬೇರೆ ಜಾತಿಯ ಅರ್ಚಕರಿಗೆ ತಮಿಳುನಾಡು ಸರ್ಕಾರ ನೇಮಕದ ಆದೇಶ ಕೊಟ್ಟಿತು. ಹುಟ್ಟು, ಆಗಮ, ಮಂತ್ರಪಾಠ, ತರಬೇತಿ ಇವೆಲ್ಲದರ ಬಗ್ಗೆ ಈ ಐವತ್ತು ವರ್ಷಗಳಲ್ಲಿ ವಾದವಾಗಿದೆ. ಅರ್ಚಕನಿಗೆ ದೇವರಲ್ಲಿ ನಂಬಿಕೆ ಇದೆಯೇ ಎಂಬುದು ಅದರಲ್ಲಿ ವಾದದ ವಿಷಯವಾಗಿರಲಿಲ್ಲ.